ಪರಿವರ್ತನೆಯಲ್ಲಿದೆ

ಕಳೆದುಹೋದ ವಸ್ತುಗಳ ಕಚೇರಿಯ ಎರಡನೆಯ ಮಹಡಿಯಲ್ಲಿ ಪರಿವರ್ತನಾ ವಿಭಾಗ ಎಂಬುದೊಂದಿತ್ತು. ಬಸ್ಸಿನಲ್ಲಿ, ರೈಲಿನಲ್ಲಿ ಜನ ಬಿಟ್ಟುಹೋದ ಕೊಡೆ, ಚೀಲ, ಹಲ್ಲಿನ ಸೆಟ್ಟು, ಒಂಟಿ ಚಪ್ಪಲಿ ಎಲ್ಲವೂ ನೆಲಮಾಳಿಗೆಯ ಗೋದಾಮಿನಲ್ಲಿದ್ದವು. ಯಾವುದು ಯಾವ ಗೂಡಿನಲ್ಲಿದೆ ಎಂಬ ವಿವರ ಮಾತ್ರ ಕಂಪ್ಯೂಟರಿನಲ್ಲಿತ್ತು. ವಸ್ತುವಿಗೊಂದು ಫೈಲು, ಒಟ್ಟು ಅರವತ್ತು ಸಾವಿರ. ಅವನ್ನೆಲ್ಲ ಹಿಂದೆ ಯಾರೋ ಹಳೆಯ ಅಕ್ಷರ ಸಂಕೇತದಲ್ಲಿ ಟೈಪು ಮಾಡಿಟ್ಟಿದ್ದರು. ಹೊಸ ಕಂಪ್ಯೂಟರುಗಳಿಗೆ ಆ ಸಂಕೇತ ಅರ್ಥವಾಗದು. ತೆರೆದರೆ ಪರದೆಯ ತುಂಬ ಕೊಕ್ಕೆ, ಚುಕ್ಕೆ, ಬಾಲ ಸುತ್ತಿದ ಚಿಹ್ನೆಗಳು. ಶಾಯಿಯಲ್ಲಿ ಬಿದ್ದೆದ್ದ ಇರುವೆ ಓಡಾಡಿದ ಹಾಗೆ ಕಾಣುತ್ತಿತ್ತು.

ಇವನ್ನು ಒಂದೊಂದಾಗಿ ತೆರೆದು, ಹೊಸ ಸಂಕೇತಕ್ಕೆ ತಿರುಗಿಸಿ, ಉಳಿಸಿ, ಮುಚ್ಚಿ, ರಿಜಿಸ್ಟರಿನಲ್ಲಿ ಗುರುತು ಹಾಕುವುದೇ ವಿಭಾಗದ ಕೆಲಸ. ತಲೆಗೆ ದಿನಕ್ಕೆ ಆರು ಫೈಲು. ಟೀಗೆ ಮುಂಚೆ ಮೂರು, ಟೀ ಆದ ಮೇಲೆ ಮೂರು. ಆರು ವರ್ಷದಿಂದ ಈ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಏಳನೆಯ ಫೈಲಿಗೆ ಕೈ ಹಾಕಿದವರೂ ಇರಲಿಲ್ಲ.

ಮುಖ್ಯಸ್ಥರನ್ನು ಎದುರಿಗೆ ಸಾರ್ ಎಂದೂ ಬೆನ್ನ ಹಿಂದೆ ನಿಧಾನಪ್ಪ ಎಂದೂ ಕರೆಯುತ್ತಿದ್ದರು. 'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ಗಾದೆಯನ್ನು ಅವರು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು, ಅದನ್ನೂ ನಿಧಾನವಾಗಿ. ಕಿಟಕಿಯ ಪಕ್ಕ ಕೂರುವ ಹಿರಿಯ ಟೈಪಿಸ್ಟ್ ಎಲ್ಲರಿಗೂ ದೊಡ್ಡಮ್ಮ. ಗೋಡೆಯ ಕಡೆಗೆ ಭಾವ ಮೈದುನ ಇಬ್ಬರು. ಭಾವನಿಗೆ ಈ ಕೆಲಸ ಸಿಕ್ಕ ಮೇಲೆ ಮೈದುನನಿಗೂ ಸಿಕ್ಕಿತ್ತು. ಅದು ಹೇಗೆಂದು ಯಾರೂ ಕೇಳಿರಲಿಲ್ಲ.

ಐದನೆಯವಳಾಗಿ ಹೊಸಮ್ಮ ಬಂದಳು. ಹೊಸಬಳಾದ್ದರಿಂದ ಆ ಹೆಸರು. ಉಳಿದ ನಾಲ್ವರದು ಕಾಯಂ ಕೆಲಸ, ಇವಳದು ಮಾತ್ರ ಗುತ್ತಿಗೆ. 'ಪರಿವರ್ತನೆಯ ಕೆಲಸ ಮುಗಿಯುವವರೆಗೆ' ಎಂದು ಆದೇಶದಲ್ಲಿ ಬರೆದಿತ್ತು. ಗಂಡನ ಮನೆ ಬಿಟ್ಟು ಬಂದು ಮೂರು ವರ್ಷ ಅಣ್ಣನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿದವಳು ಅವಳು. ಅತ್ತಿಗೆ ಕೆಟ್ಟವಳಲ್ಲ. ಆದರೆ ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಚಾಪೆ ಸುತ್ತಿಡಬೇಕಾಗುವುದು ಏನೆಂದು ಸುತ್ತಿಟ್ಟವರಿಗೇ ಗೊತ್ತು. ಈ ಕೆಲಸ ಸಿಕ್ಕ ವಾರದಲ್ಲೇ ಹೊಸಮ್ಮ ಕಚೇರಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಒಂದು ಕಿಟಕಿ, ಒಂದು ಮಂಚ, ಬಾಗಿಲಿಗೊಂದು ಬೀಗ. ಭಾನುವಾರ ಹತ್ತು ಗಂಟೆಯವರೆಗೆ ಹಾಸಿಗೆ ಬಿಟ್ಟೇಳದೆ ಬಿದ್ದುಕೊಂಡಿದ್ದಳು. ಅಷ್ಟು ಸುಖ ಅವಳಿಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಮೊದಲೆರಡು ವಾರ ಅವಳಿಗೆ ರಿಜಿಸ್ಟರಿಗೆ ಗೆರೆ ಎಳೆಯುವ ಕೆಲಸವನ್ನಷ್ಟೇ ಕೊಟ್ಟಿದ್ದರು. ಮೂರನೆಯ ವಾರದಲ್ಲಿ ಅವಳಿಗೆ ಒಂದು ವಿಷಯ ತಿಳಿದುಬಂತು. ಕಂಪ್ಯೂಟರಿಗೆ ಒಂದೇ ಒಂದು ಸಾಲಿನ ಆಜ್ಞೆ ಕೊಟ್ಟರೆ ಅರವತ್ತು ಸಾವಿರ ಫೈಲುಗಳೂ ಒಟ್ಟಿಗೆ ತಿರುಗುತ್ತವೆ. ಎರಡು ನಿಮಿಷದ ಕೆಲಸ. ಎರಡು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಅವಳು ಕೋಣೆ ಹಿಡಿದು ಕೂತಿದ್ದಳು. ಯೋಚಿಸಿ ಯೋಚಿಸಿ ಕೊನೆಗೊಂದು ಉಪಾಯ ಹೊಳೆಯಿತು. ತನ್ನ ಪಾಲಿನದನ್ನು ಗುಟ್ಟಾಗಿ ಒಮ್ಮೆಗೇ ಮುಗಿಸಿಬಿಡುವುದು, ರಿಜಿಸ್ಟರಿನಲ್ಲಿ ಮಾತ್ರ ದಿನಕ್ಕೆ ಆರೇ ತೋರಿಸುವುದು. ಪಾಲು ಬೇರೆ ಬೇರೆಯಾದರೂ ಫೈಲುಗಳೆಲ್ಲ ಒಂದೇ ಫೋಲ್ಡರಿನಲ್ಲಿದ್ದವು. ಬೇರೆ ಮಾಡುವ ತಾಳ್ಮೆ ಅವಳಿಗಿರಲಿಲ್ಲ. ಇಡೀ ಫೋಲ್ಡರಿನ ಮೇಲೇ ಆಜ್ಞೆ ಓಡಿಸಿದಳು.

ಓಡಿಸಿ ಒಂದು ಫೈಲು ತೆರೆದರೆ ಮತ್ತದೇ ಇರುವೆ, ಮೊದಲಿಗಿಂತ ಎರಡರಷ್ಟು. ಇನ್ನೊಂದು ತೆರೆದಳು, ಹತ್ತು ತೆರೆದಳು. ಎಲ್ಲವೂ ಹಾಗೆಯೇ. ಆಜ್ಞೆ ಹಳೆಯ ಪ್ರತಿಯನ್ನೂ ಅಳಿಸಿಹಾಕಿತ್ತು. ಆರು ವರ್ಷ ನಾಲ್ಕು ಜನ ಕೂತು ಮಾಡಿದ್ದನ್ನು ತಾನು ಎರಡು ನಿಮಿಷದಲ್ಲಿ ಹಾಳು ಮಾಡಿದೆನೆಂದುಕೊಂಡು ಬಾಯಿಗೆ ಬೀಗ ಹಾಕಿದಳು. ಮರುದಿನದಿಂದ ಅವಳೂ ಆರು ಫೈಲು ತೆರೆದು, ನೋಡದೆ ಮುಚ್ಚಿ, ಗುರುತು ಹಾಕತೊಡಗಿದಳು. ಸುತ್ತ ನೋಡಿದರೆ ಉಳಿದವರೂ ಹಾಗೇ ಮಾಡುತ್ತಿದ್ದಂತೆ ಕಂಡಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ, ತನ್ನ ಕಣ್ಣೇ ಹಾಗೆ ತೋರಿಸುತ್ತಿದೆ ಎಂದುಕೊಂಡಳು.

ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬ ಪ್ರತಿ ಗುರುವಾರ ಬರುತ್ತಿದ್ದ. ಏಳು ವರ್ಷದ ಹಿಂದೆ ಬಸ್ಸಿನಲ್ಲಿ ಅವನ ಉಪಕರಣಗಳ ಪೆಟ್ಟಿಗೆ ಕಳೆದಿತ್ತು, ಅದು ಅವನ ಅಪ್ಪ ಕೊಟ್ಟದ್ದು. ಅಂದಿನಿಂದ ಬೇರೆಯವರ ಚಿಮಟ ಬೇಡಿ ತಂದು ಕೆಲಸ ಮಾಡುತ್ತಿದ್ದ. ಬಂದಾಗಲೆಲ್ಲ ನಿಧಾನಪ್ಪನವರು, "ನಿಮ್ಮ ಫೈಲು ಪರಿವರ್ತನೆಯಲ್ಲಿದೆ" ಎನ್ನುತ್ತಿದ್ದರು. ಆತ ನಮಸ್ಕಾರ ಮಾಡಿ ಹೋಗುತ್ತಿದ್ದ. ಎರಡು ತಿಂಗಳಾದ ಮೇಲೆ ಒಂದು ಗುರುವಾರ ಅವನು ಮೆಟ್ಟಿಲು ಹತ್ತಿ ಸುಸ್ತಾಗಿ ಹೊಸಮ್ಮನ ಮೇಜಿನ ಅಂಚು ಹಿಡಿದು ನಿಂತ.

"ನೀವಾದ್ರೂ ನೋಡಿ ಹೇಳಮ್ಮ. ಸಿಗಲ್ಲ ಅಂದ್ರೆ ಸಿಗಲ್ಲ ಅಂತಾನೇ ಹೇಳಿಬಿಡಿ. ಬರೋದನ್ನ ಬಿಟ್ಟುಬಿಡ್ತೀನಿ."

"ಮುಂದಿನ ವಾರ ಬನ್ನಿ" ಎಂದಳು ಹೊಸಮ್ಮ.

ಅಂದು ಊಟದ ಬಿಡುವಿನಲ್ಲಿ ಅವಳು ಊಟ ಬಿಟ್ಟು, ತಾನು ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಆಜ್ಞೆ ಬರೆದು ಓಡಿಸಿದಳು. ಅದು ಸರಿಯಾಗಿ ಓಡಿತು. ಫೈಲುಗಳ ಗಾತ್ರ ಅರ್ಧಕ್ಕಿಳಿಯಿತು. ಆದರೆ ತೆರೆದರೆ ಇರುವೆಗಳು ಇನ್ನೂ ಇದ್ದವು. ಆಗ ಅವಳಿಗೆ ಹೊಳೆಯಿತು. ಅಂಗಿಯ ಮೇಲೆ ಅಂಗಿ ತೊಟ್ಟವನ ಮೇಲಿನ ಅಂಗಿಯನ್ನಷ್ಟೇ ಅವಳು ಬಿಚ್ಚಿದ್ದಳು. ಒಳಗೆ ಅಂಥದೇ ಇನ್ನಷ್ಟು ಇದ್ದವು.

ಅಷ್ಟರಲ್ಲಿ ನಾಲ್ವರೂ ಕೈ ತೊಳೆದು ಬಂದರು. ಹೊಸಮ್ಮ ಎದ್ದು ನಿಂತು, "ಸಾರ್, ನನ್ನಿಂದ ಒಂದು ತಪ್ಪಾಗಿದೆ" ಎಂದು ಎಲ್ಲವನ್ನೂ ಹೇಳಿದಳು. ಎಲ್ಲಾ ಫೈಲು ಕೆಟ್ಟಿವೆ ಎಂದು ಕೇಳಿದಾಗ ನಾಲ್ವರ ಮುಖದ ಮೇಲೂ ಒಂದು ನೆಮ್ಮದಿ ಹರಡಿತು. ದೊಡ್ಡಮ್ಮನಂತೂ ಉಸ್ಸೆಂದು ಕುರ್ಚಿಯಲ್ಲಿ ಕೂತರು.

"ನೋಡಮ್ಮ, ಆರು ವರ್ಷದ ಶ್ರಮ" ಎಂದು ನಿಧಾನಪ್ಪ ದುಃಖದಿಂದ ಶುರು ಮಾಡಿದರು. "ಅದಕ್ಕೇ ನಾನು ಹೇಳೋದು, ಆತುರಗಾರನಿಗೆ..."

"ನಾನು ಮಾಡಿದ್ದನ್ನ ತೆಗೆದಾಯ್ತು ಸಾರ್. ಅದರ ಕೆಳಗೆ ಇನ್ನೂ ಯಾರೋ ಮಾಡಿದ್ದು ಇದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ನಾಲ್ಕು ಹೆಗಲೂ ಒಟ್ಟಿಗೆ ಅಲುಗಿದವು. ಹೊಸಮ್ಮ ಆಜ್ಞೆಯನ್ನು ಎರಡನೆಯ ಸಲ ಓಡಿಸಿದಳು. ಫೈಲು ಇನ್ನೂ ಅರ್ಧವಾಯಿತು. ಮೈದುನ ಕೆಮ್ಮಿದ.

"ನೀನಾ?" ಎಂದ ಭಾವ.

ಮೂರನೆಯ ಸಲ ಓಡಿಸಿದಾಗ ಮೈದುನ ಭಾವನ ಕಡೆ ತಿರುಗಿದ. "ನೀವೂನಾ?"

ನಾಲ್ಕನೆಯ ಸಲಕ್ಕೆ ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನನ್ನ ಕೈಯಿಂದಾನೇ ಕೆಟ್ಟಿದ್ದು ಅಂತ ಇಷ್ಟು ವರ್ಷ ನಿದ್ದೆ ಇಲ್ಲ ನಂಗೆ. ನಿಮ್ಮ ಕೈಯಲ್ಲೂ ಕೆಟ್ಟಿದೆ ಅಂತ ಒಬ್ರಾದ್ರೂ ಹೇಳಬಾರದಿತ್ತೇನ್ರೋ?"

ಪರದೆಯ ಮೇಲೆ ಇರುವೆಗಳಿರಲಿಲ್ಲ. 'ಕಪ್ಪು ಕೊಡೆ, ಹಿಡಿ ಮುರಿದಿದೆ, ಕಪಾಟು ಹನ್ನೆರಡು, ಗೂಡು ಮೂರು' ಎಂದು ಮುದ್ದಾದ ಅಕ್ಷರಗಳಿದ್ದವು. ಅಂದರೆ ಎಲ್ಲಕ್ಕಿಂತ ಮೊದಲು ಯಾರೋ ಈ ಕೆಲಸವನ್ನು ಸರಿಯಾಗಿಯೇ ಮಾಡಿ ಮುಗಿಸಿದ್ದರು. ಮುಗಿದದ್ದನ್ನೇ ಉಳಿದವರು ಒಬ್ಬೊಬ್ಬರಾಗಿ ಗುಟ್ಟಾಗಿ ಮತ್ತೆ ತಿರುಗಿಸಿ ಕೆಡಿಸಿದ್ದರು. ನಾಲ್ಕು ಮುಖಗಳು ನಿಧಾನಪ್ಪನವರ ಕಡೆ ತಿರುಗಿದವು.

"ನಾನು ಮಾಡಿದಾಗ ಚೆನ್ನಾಗೇ ಇತ್ತು" ಎಂದರು ಅವರು. "ವಿಭಾಗ ಶುರುವಾದ ಮೊದಲನೇ ವಾರಾನೇ ಮುಗಿಸಿದ್ದೆ. ಆಮೇಲೆ ಒಂದಿನ ನೋಡಿದ್ರೆ ಕೆಟ್ಟುಹೋಗಿತ್ತು. ಇಟ್ಟು ಇಟ್ಟು ಹಳಸಿತೇನೋ ಅಂದ್ಕೊಂಡೆ."

ಆಮೇಲೆ ಅವರೇ ಎದ್ದು ಬಾಗಿಲು ಮುಚ್ಚಿ ಬಂದರು. ಈ ಒಂದು ಸಲ ಅವರು ನಿಧಾನ ಮಾಡಲಿಲ್ಲ. "ಇದು ಮೇಲಿನವರಿಗೆ ಗೊತ್ತಾದ್ರೆ ವಿಭಾಗ ಮುಚ್ಚುತ್ತೆ. ನಮ್ಮನ್ನ ಎಲ್ಲಾದರೂ ಹಾಕ್ತಾರೆ. ನಿನ್ನ ಗತಿ ಏನಮ್ಮ? ಮೊದಲು ಹೇಗಿತ್ತೋ ಹಾಗೇ ಮಾಡಿಬಿಡು. ನಾಲ್ಕು ಸಲ."

ಹೊಸಮ್ಮನಿಗೆ ಕಿಟಕಿ, ಮಂಚ, ಬೀಗ ನೆನಪಾದವು. ನಾಚಿಕೆಯೂ ಆಯಿತು, ಆದರೆ ಹೆದರಿಕೆ ನಾಚಿಕೆಗಿಂತ ದೊಡ್ಡದಿತ್ತು. ಮುದುಕನ ಪೆಟ್ಟಿಗೆಯ ಫೈಲು ಹುಡುಕಿ ಗೂಡಿನ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡಳು. ಆಮೇಲೆ ಅರವತ್ತು ಸಾವಿರ ಫೈಲುಗಳಿಗೆ ನಾಲ್ಕು ಅಂಗಿಗಳನ್ನು ಮತ್ತೆ ತೊಡಿಸಿದಳು. ಟೀ ಆದ ಮೇಲೆ ಎಲ್ಲರೂ ಮೂರು ಮೂರು ಫೈಲು ತೆರೆದು ಗುರುತು ಹಾಕಿದರು.

ಮುಂದಿನ ಗುರುವಾರ ಪೆಟ್ಟಿಗೆ ಕೈಗೆ ಬಂದಾಗ ಮುದುಕ ಅಲ್ಲೇ ನೆಲದ ಮೇಲೆ ಕೂತು, ಒಂದೊಂದೇ ಚಿಮಟ, ಒಂದೊಂದೇ ಸ್ಕ್ರೂಡ್ರೈವರ್ ಎತ್ತಿ ನೋಡಿದ. ಒಂದೂ ಕಳೆದಿರಲಿಲ್ಲ. ಆತ ಅತ್ತ. ಹೊಸಮ್ಮನಿಗೂ ಕಣ್ಣು ತುಂಬಿತು. ಮಾಡಿದ ಪಾಪದಲ್ಲಿ ಒಂದು ಪಾಲಾದರೂ ಕಳೆಯಿತೆಂದು ಅವಳಿಗೆ ಹಗುರವಾಯಿತು.

ಮುದುಕ ಉಪಕಾರ ಮರೆಯುವವನಲ್ಲ. ಮನೆಗೆ ಹೋದವನೇ ದೊಡ್ಡ ಕಚೇರಿಗೆ ಎರಡು ಪುಟದ ಪತ್ರ ಬರೆದ. ನಿಮ್ಮ ಹೊಸ ಹುಡುಗಿ ಬಂದ ಮೇಲೆ ಫೈಲುಗಳೆಲ್ಲ ಸರಿಯಾಗಿವೆ, ಏಳು ವರ್ಷದಿಂದ ಸಿಗದ ಪೆಟ್ಟಿಗೆ ಒಂದೇ ವಾರದಲ್ಲಿ ಸಿಕ್ಕಿತು, ಆಕೆಗೆ ಬಡ್ತಿ ಕೊಡಬೇಕು ಎಂದು ಕೇಳಿಕೊಂಡ. ದೊಡ್ಡ ಕಚೇರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದು ಫೈಲನ್ನೂ ತೆರೆದು ನೋಡದೆ, ಪರಿವರ್ತನೆ ಯಶಸ್ವಿಯಾಗಿ ಮುಗಿದಿದೆ ಎಂದು ಆದೇಶ ಹೊರಡಿಸಿತು. ನಿಧಾನಪ್ಪನವರಿಗೆ ಬಡ್ತಿಯಾಯಿತು. ದೊಡ್ಡಮ್ಮ, ಭಾವ, ಮೈದುನ ಟಿಕೆಟ್ ವಿಭಾಗಕ್ಕೆ ಹೋದರು. ಹೊಸಮ್ಮನ ಗುತ್ತಿಗೆ, ಬರೆದಿದ್ದ ಪ್ರಕಾರವೇ ಮುಗಿಯಿತು.

"ಸಾರ್, ಫೈಲುಗಳು ಈಗಲೂ ಓದಕ್ಕಾಗಲ್ಲ" ಎಂದಳು ಕೊನೆಯ ದಿನ. "ಎಂಟು ನಿಮಿಷ ಕೊಡಿ, ಸರಿ ಮಾಡ್ತೀನಿ."

"ಮುಗಿದಿದೆ ಅಂತ ಸಹಿ ಆಗಿದೆಯಲ್ಲಮ್ಮ. ಇನ್ನು ಮುಟ್ಟಿದ್ರೆ ಮುಗಿದಿರಲಿಲ್ಲ ಅಂತ ಆಗುತ್ತೆ" ಎಂದು ನಿಧಾನಪ್ಪ ಬೀಳ್ಕೊಡುಗೆಯ ಟೀ ಕುಡಿಯಲು ಹೋದರು.

ಅವಳಿಗೆ ಸಿಟ್ಟು ಬಂತು. ಹಾಳಾಗಿ ಹೋಗಲಿ, ನನಗೇನು ಎಂದು ಚೀಲ ಹೆಗಲಿಗೇರಿಸಿದಳು. ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ನಿಂತುಕೊಂಡೇ ಆಜ್ಞೆಯನ್ನು ನಾಲ್ಕು ಸಲ ಓಡಿಸಿದಳು. ಒಂದು ಫೈಲು ತೆರೆದು, ಅಕ್ಷರ ಕಂಡ ಮೇಲೆ ಕಂಪ್ಯೂಟರು ಆರಿಸಿದಳು. ಇದನ್ನು ಯಾರೂ ನೋಡಲಿಲ್ಲ, ರಿಜಿಸ್ಟರಿನಲ್ಲಿ ಗುರುತೂ ಬೀಳಲಿಲ್ಲ.

ಸಂಜೆ ಮನೆಯೊಡತಿಗೆ ಬೀಗದ ಕೈ ಕೊಟ್ಟು ಅಣ್ಣನ ಮನೆಗೆ ಬಂದಾಗ, ಅತ್ತಿಗೆ ಅವಳ ಕೈಯಿಂದ ಟ್ರಂಕು ಇಳಿಸಿಕೊಂಡಳು.

"ಯಾಕಮ್ಮ, ತೆಗೆದುಬಿಟ್ರಾ ಕೆಲಸದಿಂದ?"

"ಇಲ್ಲ ಅತ್ತಿಗೆ. ಕೆಲಸ ಮುಗೀತು."

ಅತ್ತಿಗೆ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆ ನೋಟದಲ್ಲಿ ಕೊಂಕಿರಲಿಲ್ಲ, ನಿಜವಾದ ಮರುಕವಿತ್ತು. "ಕೈಲಿದ್ದ ಕೆಲಸಾನ ಯಾರಾದ್ರೂ ಮುಗಿಸಿಬಿಡ್ತಾರೇನಮ್ಮ?" ಎಂದು ಹೇಳಿ, ಚಾಪೆ ತರಲು ಒಳಗೆ ಹೋದಳು.