ಅತ್ತೆಯ ಮೊಣಕೈ

ನಮ್ಮ ವೊಸ್ ಸೀಮೆಯ ಕಡೆ ಕ್ರಿಸ್‌ಮಸ್ ಬಿಯರನ್ನು ಮನೆಯಲ್ಲೇ ಮಾಡುತ್ತೇವೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಅಂದರೆ ಮಾಲ್ಟಿನ, ಕಷಾಯವನ್ನು ದಿನವಿಡೀ ಕುದಿಸುವುದೇನೂ ದೊಡ್ಡದಲ್ಲ, ಸೌದೆಯಿದ್ದರೆ ಯಾರು ಬೇಕಾದರೂ ಕುದಿಸುತ್ತಾರೆ. ಅದನ್ನು ಬೇಗ ಆರಿಸುವುದೇ ತಲೆನೋವು. ತಡವಾದರೆ ಕಷಾಯ ಕೆಡುತ್ತದೆ. ಅವಸರಪಟ್ಟು ಬಿಸಿಯಲ್ಲೇ ಹುದುಗು ಬರಿಸುವ ಯೀಸ್ಟ್ ಹಾಕಿದರೆ ಯೀಸ್ಟೇ ಸಾಯುತ್ತದೆ. ಆ ವರ್ಷ ನಮ್ಮಲ್ಲಿ ಒಣಗಿಸಿಟ್ಟ ಯೀಸ್ಟಿನ ಒಂದೇ ಚೂರು ಉಳಿದಿತ್ತು. ಅದು ನನ್ನ ಅತ್ತೆ ಸಿನ್ನೇವಾಗೆ ಅವರ ಅತ್ತೆಯಿಂದ ಬಂದದ್ದು. ಅಕ್ಕಪಕ್ಕದಲ್ಲಿ ಕೇಳಿದರೆ ಅವರವರ ಮನೆಯದು ಸಿಕ್ಕೀತು, ನಮ್ಮದು ಸಿಗದು.

ತಾಮ್ರದ ಸುರುಳಿಯನ್ನು ಹಂಡೆಗೆ ಇಳಿಬಿಟ್ಟು ಅದರೊಳಗೆ ತಣ್ಣೀರು ಹರಿಸುವುದು ನಮ್ಮ ರೂಢಿ. ಅಂದು ನೀರಿನ ಪೈಪು ಹೆಪ್ಪುಗಟ್ಟಿತ್ತು. ನನ್ನ ಗಂಡ ಲೈಡುಲ್ಫ್ ಕಷಾಯವನ್ನು ಹಾಲಿನ ಕ್ಯಾನುಗಳಿಗೆ ತುಂಬಿ ಹಿಮದಲ್ಲಿ ಹೂತಿಟ್ಟ. ಎಷ್ಟು ಹೊತ್ತಾದರೂ ಕ್ಯಾನು ಮುಟ್ಟುವಂತಿರಲಿಲ್ಲ. ಸುತ್ತಲಿನ ಹಿಮ ಕರಗಿ ಸರಿದು, ನಡುವೆ ಬರೀ ಗಾಳಿ ನಿಂತಿತ್ತು.

“ಇದು ಕಂಬಳಿ ಹೊದಿಸ್ದಂಗೆ ಕಣೋ. ನಿಮ್ಮಪ್ಪನೂ ಹೀಗೇ ಪೆದ್ದ,” ಅಂದರು ಅತ್ತೆ. “ಹರಿಯೋ ನೀರಲ್ಲಿ ಇಡು.”

“ತೊರೆ ಕಲ್ಲಾಗಿದೆಯಲ್ಲಮ್ಮ!”

“ಕೊಡಲಿ ಯಾತಕ್ಕಿದೆ? ಗೋಡೆಗೆ ಶೃಂಗಾರಕ್ಕಾ?”

ಅವನು ಗೊಣಗುತ್ತಾ ಹೋಗಿ ಮಂಜುಗಡ್ಡೆ ಒಡೆದ. ಹರಿಯುವ ನೀರಿನಲ್ಲಿ ಕ್ಯಾನುಗಳನ್ನಿಟ್ಟು ಉದ್ದ ಸೌಟಿನಿಂದ ಕಲಕಿದೆವು. ಅತ್ತೆ ಒಂದು ಬಟ್ಟಲು ಕಷಾಯ ತೆಗೆಸಿ ಅದರಲ್ಲಿ ಮೊಣಕೈ ಅದ್ದಿದರು. ಮನೆಯಲ್ಲಿ ಥರ್ಮಾಮೀಟರ್ ಇಲ್ಲವೆಂದಲ್ಲ. ಅತ್ತೆಯ ಮೊಣಕೈ ಇರುವಾಗ ಅದನ್ನು ಹೊರತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ.

“ಹದವಾಗಿದೆ. ಯೀಸ್ಟ್ ಹಾಕೇ, ಗುನ್ವೋರ್.”

ನಾನೂ ಬಟ್ಟಲಿಗೆ ಬೆರಳಿಟ್ಟೆ. ಚುರ್ ಅಂದಿತು. ಅತ್ತೆಯ ಮೊಣಕೈ ಕೆಂಪಾಗಿತ್ತು, ಅವರಿಗದು ಗೊತ್ತೇ ಆಗಿರಲಿಲ್ಲ. ಈ ಮನೆಗೆ ಬಂದಾಗಿನಿಂದ ಅವರ ಮಾತಿಗೆ ಎದುರಾಡಿದವಳಲ್ಲ ನಾನು.

“ಇನ್ನೂ ಬಿಸಿ ಇದೆ, ಅತ್ತೆ.”

“ನನಗೇ ಹೇಳ್ತೀಯಾ? ನೀನು ಹುಟ್ಟೋಕೆ ಮುಂಚಿಂದ ಮಾಡ್ತಿದೀನಿ.”

“ಹೌದು. ಆದ್ರೂ ಹಾಕಲ್ಲ. ನಿಮ್ಮ ಕೈ ನೋಡ್ಕೊಳ್ಳಿ.”

ಅವರು ನೋಡಿಕೊಂಡರು. ಒತ್ತಿದರು, ಚಿವುಟಿದರು. ಲೈಡುಲ್ಫ್ ಮುಖ ತಿರುಗಿಸಿದ. ನಾನು ಕಲಕುತ್ತಲೇ ಇದ್ದೆ. ಮತ್ತೆ ಬಟ್ಟಲು ತುಂಬಿದಾಗ ಅದನ್ನು ನನ್ನ ಕಡೆ ತಳ್ಳಿದರು. ನನ್ನ ಮೊಣಕೈಗೆ ಹಿತವಾಗಿ ಬೆಚ್ಚಗಿತ್ತು. ಕಷಾಯವನ್ನೆಲ್ಲ ಪೀಪಾಯಿಗೆ ಸುರಿದು ಯೀಸ್ಟ್ ಹಾಕಿದೆ.

ಯೀಸ್ಟ್ ಬಿದ್ದೊಡನೆ, ಅದು ಎಚ್ಚರಗೊಳ್ಳಲೆಂದು ಮನೆಯ ಯಜಮಾನಿ ಗಟ್ಟಿಯಾಗಿ ಕೂಗುವುದು ನಮ್ಮ ಪದ್ಧತಿ. ನಾನು ಅತ್ತೆಗಾಗಿ ಕಾದೆ.

“ನನ್ನ ಮುಖ ಏನು ನೋಡ್ತೀಯಾ?” ಅಂದರು, ಶಾಲಿನಿಂದ ತೋಳು ಮುಚ್ಚಿಕೊಳ್ಳುತ್ತಾ. “ಕೂಗು. ತೊರೆ ಆಚೆಯವರಿಗೂ ಕೇಳ್ಬೇಕು.”

ಪೀಪಾಯಿಯ ಮೇಲೆ ಬಾಗಿದೆ. ಶಕ್ತಿಯಿದ್ದಷ್ಟೂ ಕೂಗಿದೆ.