ಗ್ರಹಣದ ಹೊತ್ತಿಗೆ ಜೊತೆಗಿದ್ದವರು

ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದ ಗಂಡ ಆರನೇ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿದ್ದು ಸತ್ತ ಸುದ್ದಿ ಬಂದಾಗ ಅವಳು ಲಾಂಡ್ರಿಯಲ್ಲಿ ಯಾರದೋ ಮದುವೆಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಫೋನು ಕೆಳಗಿಟ್ಟು, ಉಳಿದಿದ್ದ ಒಂದು ತೋಳನ್ನೂ ಮುಗಿಸಿ, ಕೋಟನ್ನು ಹ್ಯಾಂಗರಿಗೆ ಹಾಕಿ, ಆಮೇಲೆ ಹೊರಟಳು. ಯಾಕೆ ಹಾಗೆ ಮಾಡಿದಳೆಂದು ಅವಳಿಗೇ ಗೊತ್ತಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು.

ಆಸ್ಪತ್ರೆಯಲ್ಲೂ ಅವಳಿಗೆ ಅಳು ಬರಲಿಲ್ಲ. ಬಟ್ಟೆ ಸರಿಸಿ ಮುಖ ತೋರಿಸಿದಾಗ "ಹೌದು, ಇವರೇ" ಅಂದಳು, ಅಷ್ಟೆ. ಮಾರನೇ ದಿನ ಬಂದ ಮೈದುನ ಶವಾಗಾರದ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ. ಆಮೇಲೆ ಕಾರಿಡಾರಿನ ತುದಿಯಲ್ಲಿ ನಿಂತು ಯಾರಿಗೋ ಫೋನಿನಲ್ಲಿ, "ಅತ್ತಿಗೆ ಕಣ್ಣಲ್ಲಿ ಒಂದು ಹನಿ ನೀರಿಲ್ಲ ಕಣೋ. ಕಲ್ಲು" ಅಂದದ್ದು ಅವಳ ಕಿವಿಗೂ ಬಿತ್ತು. ಸುಳ್ಳೇನಲ್ಲವಲ್ಲ ಅಂದುಕೊಂಡಳು.

ಅತ್ತೆ ಇದ್ದದ್ದು ನದಿಯಾಚೆಯ ಪಟ್ಟಣದಲ್ಲಿ, ಈ ಕಿರಿಮಗನ ಜೊತೆ. ಮಂಡಿ ನೋವಿನಿಂದ ಅವರಿಗೆ ಮನೆಯ ಮೆಟ್ಟಿಲು ಇಳಿಯುವುದೂ ಕಷ್ಟ. "ನನ್ನ ಕೈಲಿ ಬರೋಕಾಗಲ್ಲ. ನನ್ನ ಮಗನ್ನ ಇಲ್ಲಿಗೆ ಕರ್ಕೊಂಡು ಬನ್ನಿ" ಎಂದು ಹೇಳಿಕಳಿಸಿದ್ದರು. ಹಾಗಾಗಿ ಅದರ ಮರುದಿನ ಬೆಳಿಗ್ಗೆಯೇ ಶವ ಸಾಗಿಸುವ ವ್ಯಾನು ಹೊರಟಿತು. ಹೊರಗಿನಿಂದ ನೋಡಿದರೆ ಅಂಗಡಿಗಳಿಗೆ ಸಾಮಾನು ಸಾಗಿಸುವ ಗಾಡಿಯ ಹಾಗಿತ್ತು. ಒಳಗೆ ನಡುವೆ ಸ್ಟ್ರೆಚರು, ಅದರ ಒಂದು ಪಕ್ಕಕ್ಕೆ ಉದ್ದನೆಯ ಬೆಂಚು. ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಮೈದುನ. ಗುಂಡಿ ಸಿಕ್ಕಾಗಲೆಲ್ಲ ಇಬ್ಬರ ಕೈಗಳೂ ಒಟ್ಟಿಗೇ ಸ್ಟ್ರೆಚರನ್ನು ಹಿಡಿಯುತ್ತಿದ್ದವು. ಮತ್ತೆ ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಸೇತುವೆಯ ಮೇಲೆ ವ್ಯಾನು ನಿಂತುಬಿಟ್ಟಿತು. ಸ್ವಲ್ಪ ಹೊತ್ತು ನೋಡಿ ಮೈದುನ ಮುಂದಿನ ಕಿಂಡಿಗೆ ಬಡಿದ.

"ಏನಾಯ್ತು?"

"ಗ್ರಹಣ ಸ್ವಾಮಿ. ಸಂಪೂರ್ಣ ಗ್ರಹಣವಂತೆ" ಅಂದ ಡ್ರೈವರ್. ತಲೆ ನರೆತ, ಮಾತು ಕಮ್ಮಿಯ ಮನುಷ್ಯ. "ಎಲ್ಲರೂ ಗಾಡಿ ನಿಲ್ಲಿಸಿ ಇಳಿದುಬಿಟ್ಟಿದ್ದಾರೆ. ಮುಂದೆ ಹೋಗೋ ಹಾಗಿಲ್ಲ, ಹಿಂದೆ ಬರೋ ಹಾಗಿಲ್ಲ."

"ಹಾರನ್ ಹಾಕು."

"ಹಾಕಿದ್ರೆ ಯಾರು ಕೇಳ್ತಾರೆ? ಜಾತ್ರೆ ಆಗಿದೆ ಅಲ್ಲಿ."

ಒಳಗೆ ಸೆಕೆ ಏರಿತು. ಫಿನಾಯಿಲಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಮೆಲ್ಲಗೆ ಮೇಲೇಳುತ್ತಿತ್ತು. ಅದು ಏನೆಂದು ಇಬ್ಬರಿಗೂ ಗೊತ್ತಿತ್ತು. ಡ್ರೈವರ್ ಬಂದು ಹಿಂದಿನ ಬಾಗಿಲು ತೆಗೆದ. ಅವಳ ಮುಖ ನೋಡಿ, "ಸ್ವಲ್ಪ ಇಳಿದು ಗಾಳಿಗೆ ನಿಂತ್ಕೊಳ್ಳಿ ತಾಯಿ. ಬಿದ್ದುಗಿದ್ದೀರಿ" ಅಂದ.

ಅವಳು ಮೈದುನನ ಕಡೆ ನೋಡಿದಳು.

"ಹೋಗಿ ಅತ್ತಿಗೆ. ನಾನಿದೀನಲ್ಲ ಅಣ್ಣನ ಹತ್ರ" ಅಂದ ಅವನು, ತಲೆ ಎತ್ತದೆ.

ಇಳಿದವಳು ಲಾರಿಗಳ ಸಂದಿಯಲ್ಲಿ ನಡೆದು ಸೇತುವೆಯ ಕಟಕಟೆಯ ಹತ್ತಿರ ಬಂದಳು. ಬೆಳಕು ಆಗಲೇ ಕೆಟ್ಟಿತ್ತು. ಮೋಡವಿಲ್ಲ, ಆದರೂ ಬಿಸಿಲಿಗೆ ಬೂದಿ ಬೆರೆಸಿದ ಹಾಗೆ. ಡಾಂಬರಿನ ಮೇಲೆ ತನ್ನ ನೆರಳಿನ ಒಂದೊಂದು ಕೂದಲೂ ಬೇರೆಬೇರೆಯಾಗಿ ಕಾಣುತ್ತಿತ್ತು. ಜನ ಕಾರುಗಳ ಮೇಲೆ, ಬಸ್ಸಿನ ಏಣಿಯ ಮೇಲೆ, ಲಾರಿಯ ಮೂಟೆಗಳ ಮೇಲೆ ನಿಂತು, ಒಂದೇ ದಿಕ್ಕಿಗೆ ಮುಖವೆತ್ತಿ, ಗುರುತುಪರಿಚಯವಿಲ್ಲದವರ ಜೊತೆಗೂ ಹರಟುತ್ತಿದ್ದರು. ಯಾರೋ ಬಿಸ್ಕೆಟ್ ಹಂಚುತ್ತಿದ್ದರು. "ಸೂರ್ಯನಿಗೇ ರಜೆ ಸಿಕ್ತು ನೋಡಿ, ನಮ್ಮ ಸಾಹೇಬರು ಮಾತ್ರ ಕೊಡ್ಲಿಲ್ಲ" ಎಂದು ಒಬ್ಬ ಹೇಳಿದ್ದಕ್ಕೆ ಸುತ್ತಲಿನವರೆಲ್ಲ ನಕ್ಕರು.

ಪಕ್ಕದಲ್ಲಿ ನಿಂತಿದ್ದ ದಪ್ಪನೆಯ ಹೆಂಗಸೊಬ್ಬಳು ತನ್ನ ಗ್ರಹಣದ ಕನ್ನಡಕ ತೆಗೆದು ಇವಳ ಕೈಗಿಟ್ಟಳು.

"ತಗೊಳ್ಳಿ, ನೋಡಿ. ಬರಿಗಣ್ಣಲ್ಲಿ ನೋಡ್ಬೇಡಿ, ಸುಟ್ಟುಹೋಗುತ್ತೆ. ಒಬ್ಬರೇ ಬಂದ್ರಾ?"

"ಇಲ್ಲ. ಮನೆಯವರು ಜೊತೆಗಿದ್ದಾರೆ."

"ಎಲ್ಲಿ? ಕರೀರಿ ಅವರನ್ನೂ."

"ವ್ಯಾನಲ್ಲಿ ಮಲಗಿದ್ದಾರೆ."

"ಅಯ್ಯೋ, ಎಬ್ಬಿಸ್ಬಾರದೇನ್ರೀ? ನಿದ್ದೆ ದಿನಾ ಬರುತ್ತೆ, ಇದು ಬರುತ್ತಾ? ಈ ಗಂಡಸರೇ ಹಿಂಗೆ. ನಮ್ಮೋರೂ ಅಷ್ಟೇ, ಕಾರಲ್ಲಿ ಕೂತು ಕ್ರಿಕೆಟ್ ಕೇಳ್ತಿದ್ದಾರೆ."

ಅವಳು ಕನ್ನಡಕ ಹಾಕಿಕೊಂಡಳು. ಸೇತುವೆ, ನದಿ, ಜನ ಎಲ್ಲ ಮಾಯವಾದವು. ಬರೀ ಕಪ್ಪು, ಅದರಲ್ಲಿ ಕತ್ತರಿಸಿ ಎಸೆದ ಉಗುರಿನಷ್ಟು ಕಿತ್ತಳೆ ಬೆಳಕು. ಅದು ನೋಡನೋಡುತ್ತ ಸವೆದು ದಾರವಾಯಿತು, ದಾರ ತುಂಡಾಯಿತು.

"ಈಗ ತೆಗೀರಿ, ತೆಗೀರಿ" ಅಂದಳು ಹೆಂಗಸು.

ತೆಗೆದಳು. ಆಕಾಶದಲ್ಲಿ ಸೂರ್ಯನಿದ್ದ ಜಾಗದಲ್ಲಿ ಒಂದು ಕಪ್ಪು ತೂತು, ಅದರ ಸುತ್ತ ಬಿಳಿಯ ಉಸಿರು. ನದಿಯ ಮೇಲಿಂದ ತಣ್ಣನೆ ಗಾಳಿ ಬೀಸಿತು. ಸೇತುವೆಯ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಅಷ್ಟು ಹೊತ್ತೂ ಕಲಕಲ ಅನ್ನುತ್ತಿದ್ದ ಜನ ಒಟ್ಟಿಗೇ ಕೂಗಿಕೊಂಡರು. ಕೇಕೆಯಲ್ಲ, ಭಯವೂ ಅಲ್ಲ, ಹೊಟ್ಟೆಯೊಳಗಿಂದ ಎದ್ದು ಬಂದ ಒಂದು ಸದ್ದು.

ಆ ಸದ್ದಿನೊಳಗೆ ಅವಳ ಬಾಯಿಯೂ ತೆರೆದುಕೊಂಡಿತು. ಅಲ್ಲಿಂದ ಬಂದದ್ದು ತನ್ನ ದನಿಯೇ ಎಂದು ಅವಳಿಗೆ ತಕ್ಷಣ ತಿಳಿಯಲಿಲ್ಲ. ಕಟಕಟೆ ಹಿಡಿದು ಬಗ್ಗಿ, ಹಸುಳೆಗಳು ಅಳುವ ಹಾಗೆ, ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು ಅತ್ತಳು. ಅಷ್ಟು ಜನರಲ್ಲಿ ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಕೂಗುತ್ತಿದ್ದಾಗ ಒಬ್ಬಳ ಕೂಗು ಯಾವ ಲೆಕ್ಕ? ದಪ್ಪನೆಯ ಹೆಂಗಸು ಮಾತ್ರ ತೋಳು ಚಾಚಿ ಇವಳನ್ನು ತನ್ನ ಮೈಗೆ ಒತ್ತಿಕೊಂಡಳು. ಆ ಹೆಂಗಸಿನ ಕೆನ್ನೆಯೂ ಒದ್ದೆಯಾಗಿತ್ತು.

"ನನಗೂ ಹಂಗೇ ಆಯ್ತು ಕಣಮ್ಮ, ಅಳು ತಡೆಯೋಕೇ ಆಗ್ಲಿಲ್ಲ" ಅಂದಳು.

ಆ ತೋಳಿನ ಸಂದಿಯಿಂದ ಅವಳಿಗೆ ಮೈದುನ ಕಂಡದ್ದು. ರಸ್ತೆಯ ನಡುವಿನ ಕಟ್ಟೆಯ ಮೇಲೆ ನಿಂತು, ಎರಡೂ ಕೈಯಿಂದ ಫೋನನ್ನು ಆಕಾಶಕ್ಕೆ ಹಿಡಿದು ವಿಡಿಯೊ ತೆಗೆಯುತ್ತಿದ್ದ. ಬಾಯಿ ಅರ್ಧ ತೆರೆದಿತ್ತು.

ಅವಳು ಹೆಂಗಸಿನ ತೋಳು ಬಿಡಿಸಿಕೊಂಡು ಓಡಿದಳು. ವ್ಯಾನು ತಲುಪುವಷ್ಟರಲ್ಲಿ ಸೂರ್ಯನ ಇನ್ನೊಂದು ಅಂಚು ಹೊತ್ತಿಕೊಂಡು ಬೆಳಕು ಬಂತು. ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬೆಂಚಿನ ಮೇಲೆ ಡ್ರೈವರ್ ಕೂತಿದ್ದ, ಒಂದು ಕೈ ಸ್ಟ್ರೆಚರಿನ ಕಂಬಿಯ ಮೇಲೆ.

"ಕತ್ತಲಾಯ್ತಲ್ಲ ತಾಯಿ. ಒಬ್ರೇ ಇದ್ರು ಅಂತ ಕೂತೆ" ಅಂದು ಎದ್ದು ಹೋದ.

ಮೈದುನ ಆಮೇಲೆ ಬಂದ. ಅವನ ಅಂಗಿಯ ಜೇಬಿನಲ್ಲಿ ಫೋನಿತ್ತು. ಅವಳ ಕೆಂಪು ಕಣ್ಣುಗಳನ್ನು ಅವನು ನೋಡಲಿಲ್ಲ, ಅವನ ಜೇಬನ್ನು ಅವಳು ನೋಡಿದಳು. ವ್ಯಾನು ಹೊರಟಿತು.

ಮನೆ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಸ್ಟ್ರೆಚರು ಮೇಲೇರಿಸಲು ಡ್ರೈವರ್ ಹೆಗಲು ಕೊಟ್ಟ, ನೀರನ್ನೂ ಕುಡಿಯದೆ ಹೊರಟುಹೋದ. ನೆಂಟರಿಷ್ಟರು ಕೋಣೆಯಲ್ಲಿ ತುಂಬಿದ್ದರು. ಅತ್ತೆ ಮಗನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಅತ್ತು ಅತ್ತು ದನಿ ಉಡುಗಿದ ಮೇಲೆ ಕೇಳಿದರು:

"ಯಾಕಿಷ್ಟು ತಡ ಆಯ್ತು?"

"ಗ್ರಹಣ ಅಂತ ಸೇತುವೆ ಮೇಲೆ ಗಾಡಿ ನಿಂತುಬಿಡ್ತು ಅಮ್ಮ" ಅಂದ ಮೈದುನ.

"ಇಲ್ಲೂ ಕತ್ತಲಾಯ್ತು." ಅತ್ತೆ ಮಗನ ಹಣೆಯ ಮೇಲಿನ ಕೂದಲು ಸರಿಸಿದರು. "ಆ ಕತ್ತಲಲ್ಲಿ ಇವನ ಹತ್ರ ಯಾರಿದ್ರಿ?"

ಮೈದುನ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡ.

"ನಾನಿದ್ದೆ. ಅಣ್ಣನ ಕೈ ಹಿಡ್ಕೊಂಡೇ ಇದ್ದೆ."

"ಇವಳು?"

"ಅತ್ತಿಗೆ..." ಅವನು ಅವಳ ಕಡೆ ನೋಡಲಿಲ್ಲ. "ಅತ್ತಿಗೆ ಕೆಳಗಿಳಿದು ಗ್ರಹಣ ನೋಡ್ತಿದ್ರು."

ಅವಳ ನಾಲಿಗೆಯ ತುದಿಗೆ ಬಂದಿತ್ತು: ನಿಮ್ಮ ಮಗನ ಹತ್ತಿರ ಕೂತಿದ್ದವನು ನಾವು ಹೆಸರನ್ನೂ ಕೇಳದ ಒಬ್ಬ ಡ್ರೈವರ್, ನಿಮ್ಮ ಇನ್ನೊಬ್ಬ ಮಗ ವಿಡಿಯೊ ತೆಗೀತಿದ್ದ. ಆದರೆ ಅತ್ತೆ ಆಗಲೇ ಕಿರಿಮಗನನ್ನು ಎಳೆದು ತಬ್ಬಿಕೊಂಡಿದ್ದರು. "ನೀನಾದ್ರೂ ಇದ್ಯಲ್ಲಪ್ಪ. ನೀನಾದ್ರೂ ಇದ್ಯಲ್ಲ" ಎಂದು ಅವನ ಬೆನ್ನು ಸವರುತ್ತಿದ್ದರು. ಆ ಬೆನ್ನು ನಡುಗುತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

ಮಾತು ಒಂದಕ್ಕೆ ಹತ್ತಾಗಿ ಹಬ್ಬಿತು. ಗಂಡನ ಹೆಣ ಗಾಡಿಯಲ್ಲಿಟ್ಟು ಬೀದಿಯಲ್ಲಿ ತಮಾಷೆ ನೋಡಿದವಳು ಎಂದು ಒಬ್ಬರು, ಯಾರದೋ ಕನ್ನಡಕ ಹಾಕಿಕೊಂಡು ನಗುತ್ತಿದ್ದಳಂತೆ ಎಂದು ಇನ್ನೊಬ್ಬರು. ಅಂತ್ಯಕ್ರಿಯೆ ಮುಗಿದ ಮೇಲೆ ಅತ್ತೆ ಅವಳ ಜೊತೆ ಮಾತಾಡಲಿಲ್ಲ. ಫೋನ್ ಮಾಡಿದರೆ ಯಾರಾದರೂ ಎತ್ತಿ, "ಮಲಗಿದ್ದಾರೆ" ಅನ್ನುತ್ತಿದ್ದರು. ಕೊನೆಗೆ ಅವಳು ಮಾಡುವುದನ್ನೇ ಬಿಟ್ಟಳು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೈದುನ ಲಾಂಡ್ರಿಗೆ ಬಂದ. ಇಳಿದುಹೋಗಿದ್ದ. ಗಿರಾಕಿಗಳು ಹೋಗುವ ತನಕ ಬಾಗಿಲ ಬಳಿ ನಿಂತಿದ್ದು, ಆಮೇಲೆ ಕೌಂಟರಿನ ಹತ್ತಿರ ಬಂದ.

"ಅಮ್ಮ ದಿನಾ ಅದನ್ನೇ ಹೇಳ್ತಾರೆ ಅತ್ತಿಗೆ. ಬಂದೋರಿಗೆಲ್ಲ. ಕತ್ತಲಲ್ಲಿ ತಮ್ಮನಾದೋನು ಅಣ್ಣನ ಕೈ ಬಿಡ್ಲಿಲ್ಲ ಅಂತ. ನನಗೆ ಅನ್ನ ಇಳೀತಿಲ್ಲ. ನಿಜ ಹೇಳ್ಬಿಡ್ಲಾ?"

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಅತ್ತೆಯ ಕೈ ಆ ಬೆನ್ನನ್ನು ಸವರಿದ್ದು ಕಣ್ಣಮುಂದೆ ಬಂತು.

"ಬೇಡ. ಅವರಿಗೆ ಉಳಿದಿರೋದು ಅದೊಂದೇ."

"ನಿಮಗೆ ಕೆಟ್ಟ ಹೆಸರು..."

"ಬಂದಾಗಿದೆ. ಈಗ ಅದನ್ನ ತೊಳೆದ್ರೆ ಅವರು ಇಬ್ಬರು ಮಕ್ಕಳನ್ನ ಕಳ್ಕೋತಾರೆ."

ಅವನು ತಲೆಯಾಡಿಸಿದ. ಮುಖದ ಬಿಗಿ ಸಡಿಲವಾಯಿತು. ಬರುವಾಗ ಕುಗ್ಗಿದ್ದ ಭುಜಗಳು ಹೋಗುವಾಗ ನೆಟ್ಟಗಾಗಿದ್ದವು. ರಸ್ತೆ ದಾಟುವ ಮೊದಲು ಅಂಗಡಿಯ ಗಾಜಿನಲ್ಲಿ ನೋಡಿಕೊಂಡು ಕೂದಲು ಸರಿಮಾಡಿಕೊಂಡ.

ಅವನು ಹೇಳಿದ ಸುಳ್ಳನ್ನು ಅವಳು ಎಂದೋ ನುಂಗಿಕೊಂಡಿದ್ದಳು. ಆ ದಿನ ಅವನ ಮುಖದಲ್ಲಿ ಕಂಡ ನಿರಾಳವನ್ನು ಮಾತ್ರ ಕೊನೆತನಕ ಕ್ಷಮಿಸಲಾಗಲಿಲ್ಲ.