ಓರಗಿತ್ತಿಯರ ಫೋನು

ಬೇರೆಯಾಗುವ ದಿನ ಓರಗಿತ್ತಿಯರಿಬ್ಬರೂ ಆಫೀಸನ್ನು ಅರ್ಧಕ್ಕರ್ಧ ಹಂಚಿಕೊಂಡರು. ಆಫೀಸೆಂದರೆ ಮನೆಯ ಮುಂದಿನ ಕೋಣೆ. ಕಾಯಿಲೆಯವರ ಮನೆಗಳಿಗೆ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಯನ್ನು ಅವರು ಅಲ್ಲಿಂದಲೇ ನಡೆಸುತ್ತಿದ್ದರು. ಮೇಜು ಹಿರಿಯವಳಿಗೆ ಹೋಯಿತು, ಕಬ್ಬಿಣದ ಬೀರು ಕಿರಿಯವಳ ಜೊತೆ ಮಹಡಿ ಹತ್ತಿತು. ನರ್ಸ್‌ಗಳೂ ತಮಗೆ ಬೇಕಾದ ಕಡೆ ಸರಿದುಕೊಂಡರು. ಹಂಚಲಾಗದೆ ಉಳಿದದ್ದು ಫೋನ್ ನಂಬರು ಒಂದೇ.

ಆ ನಂಬರು ಆಸ್ಪತ್ರೆಗಳ ಗೋಡೆಯ ಮೇಲಿತ್ತು, ಔಷಧಿ ಅಂಗಡಿಗಳ ಗಲ್ಲಾಪೆಟ್ಟಿಗೆಗೆ ಅಂಟಿಕೊಂಡಿತ್ತು, ಹಾಸಿಗೆ ಹಿಡಿದವರಿದ್ದ ಎಷ್ಟೋ ಮನೆಗಳಲ್ಲಿ ಬಾಯಿಪಾಠವಾಗಿತ್ತು. ಅದು ಯಾರಿಗೆ ದಕ್ಕುವುದೋ ಏಜೆನ್ಸಿ ಅವರದ್ದು. ಇನ್ನೊಬ್ಬರಿಗೆ ಬರೀ ಕುರ್ಚಿ.

ಜಗಳ ಎದ್ದದ್ದು ಒಬ್ಬ ರೋಗಿಯಿಂದ. ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುವ ಮುದುಕನೊಬ್ಬನ ಮನೆಯಿಂದ ಹಿರಿಯವಳು ನರ್ಸನ್ನು ವಾಪಸು ಕರೆಸಿಕೊಂಡಿದ್ದಳು. ಅದನ್ನು ಕಿರಿಯವಳಿಗೆ ಹೇಳಿರಲಿಲ್ಲ. ಅದೇ ಮನೆಯವರು ಮತ್ತೆ ಫೋನ್ ಮಾಡಿದಾಗ ಕಿರಿಯವಳು ಇನ್ನೊಬ್ಬಳನ್ನು ಕಳಿಸಿದಳು. ಆಕೆ ಬಿಸಿನೀರು ಬಿದ್ದ ಮುಂಗೈಗೆ ಬಟ್ಟೆ ಸುತ್ತಿಕೊಂಡು ಬಂದಳು.

"ನಿನ್ನ ಸ್ವಂತ ತಂಗಿಯಾಗಿದ್ರೆ ಕಳಿಸ್ತಿದ್ಯಾ?" ಎಂದು ಹಿರಿಯವಳು ಆ ನರ್ಸಿನ ಎದುರಿಗೇ ಕೇಳಿದಳು.

"ಹೇಳೋದಕ್ಕೆ ನಿಮಗೆ ಬಾಯಿ ಇದ್ದಿದ್ರೆ ಕಳಿಸ್ತಿರಲಿಲ್ಲ."

ಅವತ್ತಿನಿಂದ ಕಿರಿಯವಳು 'ಅಕ್ಕ' ಎನ್ನುವುದನ್ನು ಬಿಟ್ಟಳು. ಎದುರಿಗೆ ಕೂತಿದ್ದರೂ ಓರಗಿತ್ತಿಯನ್ನು 'ಇವರು' ಎಂದೇ ಅನ್ನುತ್ತಿದ್ದಳು. ಅವರ ಗಂಡಂದಿರಾದ ಅಣ್ಣತಮ್ಮಂದಿರಿಬ್ಬರೂ ಊಟದ ತಟ್ಟೆಯಿಂದ ತಲೆ ಎತ್ತದೆ, ಕೈ ತೊಳೆದು, ಕೆಲಸದ ನೆಪ ಹೇಳಿ ಜಾಗ ಖಾಲಿ ಮಾಡುವುದನ್ನು ಕಲಿತರು.

ಇಷ್ಟರಲ್ಲಿ ಟೆಲಿಫೋನ್ ಕಚೇರಿಯವರು ಹಳೆಯ ತಂತಿಯ ಲೈನುಗಳನ್ನು ಕಿತ್ತುಹಾಕುವುದಾಗಿ ತಿಳಿಸಿದರು. ನಂಬರು ಉಳಿಯಬೇಕಾದರೆ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿ, ಅದೇ ನಂಬರನ್ನು ಇಂಟರ್‌ನೆಟ್ ಫೋನಿಗೆ ಬದಲಾಯಿಸಿಕೊಳ್ಳಬೇಕು. ಲೈನು ಇದ್ದದ್ದು ಅತ್ತೆಯ ಹೆಸರಿನಲ್ಲಿ. ಅವರ ಸಹಿ ಇಲ್ಲದೆ ಏನೂ ಆಗುವಂತಿರಲಿಲ್ಲ.

ಕಿರಿಯವಳು ಹಿಂದೆ ಕಾಲ್ ಸೆಂಟರಿನಲ್ಲಿ ಕೆಲಸ ಮಾಡಿದ್ದವಳು. ಫೈಬರ್ ಕಂಪನಿಯೊಂದನ್ನು ಆರಿಸಿ, ಅರ್ಜಿ ಹಿಡಿದು ಅತ್ತೆಯ ಕೋಣೆಗೆ ಹೋದಳು. ಅಲ್ಲಿ ಹಿರಿಯವಳು ಮಂಚದ ತುದಿಯಲ್ಲಿ ಕೂತು ಅತ್ತೆಯ ಕಾಲುಗುರು ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಕೇಬಲ್ ಟಿವಿಯವನ ಬ್ರಾಡ್‌ಬ್ಯಾಂಡ್ ಅರ್ಜಿ.

"ಇಷ್ಟು ವರ್ಷ ನಿಮ್ಮ ಕಾಲಿಗೆ ಉಗುರೇ ಇರಲಿಲ್ವೇನೋ ಅತ್ತೆ," ಎಂದಳು ಕಿರಿಯವಳು.

"ಸೇವೆ ಮಾಡೋರನ್ನ ಕಂಡ್ರೆ ಕೆಲವರಿಗೆ ಹೊಟ್ಟೆ ಉರಿ," ಎಂದಳು ಹಿರಿಯವಳು, ಉಗುರಿನಿಂದ ಕಣ್ಣು ತೆಗೆಯದೆ. "ಕೇಬಲ್‌ನೋರು ನಮಗೆ ಗೊತ್ತಿರೋರು. ಕರೆದ ತಕ್ಷಣ ಬರ್ತಾರೆ."

"ಬರ್ತಾನೇ ಇರಬೇಕಾಗುತ್ತೆ, ದಿನಾ ಕೆಡುತ್ತಲ್ಲ. ಅತ್ತೆ, ಕೇಬಲ್‌ನಲ್ಲಿ ಒಳಗೆ ಬರೋ ವೇಗ ಚೆನ್ನಾಗಿರುತ್ತೆ, ಹೊರಗೆ ಹೋಗೋ ವೇಗ ಇರಲ್ಲ. ಸಿನಿಮಾ ನೋಡೋಕೆ ಸಾಕು. ಫೋನಿನಲ್ಲಿ ನಮ್ಮ ಮಾತು ಆ ಕಡೆಗೆ ತುಂಡು ತುಂಡಾಗಿ ಹೋಗುತ್ತೆ."

"ಕೆಲವರ ಮಾತು ಹೋಗದಿದ್ರೇ ಲೋಕಕ್ಕೆ ಒಳ್ಳೇದು."

ಅತ್ತೆ ಎರಡೂ ಅರ್ಜಿಗಳನ್ನು ತೆಗೆದುಕೊಂಡು ದಿಂಬಿನಡಿ ಇಟ್ಟರು. "ಇಬ್ಬರನ್ನೂ ಕರೆಸಿ. ನನ್ನೆದುರಿಗೇ ಮಾತಾಡಲಿ. ಇನ್ನೊಂದು ಕಾಲಿನ ಉಗುರು ಹಾಗೇ ಇದೆ ನೋಡು."

ಭಾನುವಾರ ಕೇಬಲ್‌ನವನೂ ಫೈಬರ್ ಕಂಪನಿಯ ಹೆಂಗಸೂ ಬಂದು ಮುಂದಿನ ಕೋಣೆಯಲ್ಲಿ ಅಕ್ಕಪಕ್ಕ ಕೂತರು. ಅತ್ತೆ ಎದುರಿನ ಕುರ್ಚಿಯಲ್ಲಿ, ಹೆಣ್ಣು ನೋಡಲು ಬಂದವರ ಹಾಗೆ ಇಬ್ಬರನ್ನೂ ಅಳೆಯುತ್ತ ಕೂತಿದ್ದರು.

ಕೇಬಲ್‌ನವನು ಗಟ್ಟಿಗ. ತಿಂಗಳ ಬಾಡಿಗೆ ಕಮ್ಮಿ, ಇನ್ನೂರು ಚಾನೆಲ್ ಉಚಿತ ಎಂದೆಲ್ಲ ಹೇಳಿದ. ಕಿರಿಯವಳು ಒಂದೇ ಪ್ರಶ್ನೆ ಕೇಳಿದಳು. "ಕರೆಂಟು ಹೋದಾಗ ಫೋನ್ ಬರುತ್ತಾ?"

"ಕರೆಂಟು ಹೋದ್ರೆ ನಮ್ಮದೂ ಹೋಗುತ್ತೆ ಮೇಡಂ. ಎಲ್ಲರದ್ದೂ ಅಷ್ಟೆ."

"ನಮ್ಮದು ಬ್ಯಾಟರಿ ಪೆಟ್ಟಿಗೆ ಇಟ್ಕೊಂಡ್ರೆ ನಡೆಯುತ್ತೆ," ಎಂದಳು ಫೈಬರ್‌ನವಳು. "ಕಂಬದ ಮೇಲಿನ ನಿಮ್ಮ ಬೂಸ್ಟರ್‌ಗೆ ಕರೆಂಟು ಬೇಕು, ನಮ್ಮ ಫೈಬರ್ ದಾರಕ್ಕೆ ಬೇಡ."

ಕೇಬಲ್‌ನವನು ಚಾನೆಲ್ಲುಗಳ ವಿಷಯಕ್ಕೆ ಮರಳಿದ. ಅತ್ತೆ ಮೊಣಕಾಲಿನ ಮೇಲೆ ಬೆರಳು ಬಡಿಯುತ್ತ ಹಿರಿಯ ಸೊಸೆಯ ಕಡೆ ನೋಡಿದರು. ಗಾಳಿ ಬೀಸಿದ ಕಡೆ ಕೊಡೆ ತಿರುಗಿಸುವುದು ಹಿರಿಯವಳಿಗೆ ಗೊತ್ತಿತ್ತು. "ನಾನೂ ಮೊದಲಿಂದ ಫೈಬರ್ ಅಂತಲೇ ಅಂದ್ಕೊಂಡಿದ್ದೆ ಅತ್ತೆ," ಎಂದಳು. ಕೇಬಲ್‌ನವನು ಅವಳ ಮುಖವನ್ನೇ ದಿಟ್ಟಿಸಿ, ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ಈಗ ನಂಬರಿನ ಮಾತು. ಫೈಬರ್‌ನವಳು ಸಮಾಧಾನ ಮಾಡಲು ಹೋದಳು. "ಜಗಳ ಯಾಕೆ? ಇಂಟರ್‌ನೆಟ್ ಫೋನಿನಲ್ಲಿ ಒಂದೇ ನಂಬರು ಎರಡು ಕಡೆ ಇರಬಹುದು. ಫೋನ್ ಮಾಡಿದವರಿಗೆ ಒಂದು ಧ್ವನಿ ಕೇಳಿಸುತ್ತೆ. ಇವರು ಬೇಕಾದ್ರೆ ಒಂದು ಒತ್ತಿ, ಅವರು ಬೇಕಾದ್ರೆ ಎರಡು ಒತ್ತಿ."

"ಒಂದು ಯಾರಿಗೆ?" ಎಂದು ಇಬ್ಬರೂ ಕೇಳಿದರು.

"ಹಿರಿಯೋಳು ನಾನು."

"ವಯಸ್ಸಿನ ಪ್ರಕಾರ ಹಂಚೋಕೆ ಇದೇನು ಪಿತ್ರಾರ್ಜಿತ ಆಸ್ತಿಯಾ? ರೋಗಿಗಳ ಫೋನೆಲ್ಲ ಹಗಲು ರಾತ್ರಿ ತಗೊಳ್ತಿದ್ದೋಳು ನಾನು."

"ತಗೊಂಡು ಏನು ಮಾಡಿದೆ ಅನ್ನೋದನ್ನ ಆ ಹುಡುಗಿಯ ಕೈ ಹೇಳುತ್ತೆ."

ಕಿರಿಯವಳು ಅತ್ತೆಯ ಕಡೆ ತಿರುಗಿದಳು. "ಮುಚ್ಚಿಟ್ಟೋರು ಯಾರು? ಆ ಹುಡುಗಿ ಕೈ ಸುಟ್ಟಿದ್ದು ಇವರ ಮೌನ. ಅದನ್ನ ಇವರು ನನ್ನ ತಲೆಗೆ ಕಟ್ಟಿ ತಾವು ಒಳ್ಳೆಯೋರಾಗಿ ಕೂತಿದಾರೆ."

"ಹೊರಗಿನೋರ ಮುಂದೆ ನಾಲಿಗೆ ಹಿಡಿ."

"ಅವತ್ತು ನರ್ಸಿನ ಮುಂದೆ ಇವರು ಹಿಡಿದಿದ್ರಾ?"

ಫೈಬರ್‌ನವಳು ಚೀಲದ ಜಿಪ್ಪು ಎಳೆದು ಎದ್ದಳು. ಅತ್ತೆ ಕೈ ಎತ್ತಿ ಅವಳನ್ನು ಕೂರಿಸಿದರು. "ಆ ಧ್ವನಿ ಯಾರದ್ದಾದ್ರೂ ಆಗಬಹುದಾ?"

"ಆಗಬಹುದು ಅಮ್ಮ."

"ಹಾಗಾದ್ರೆ ನಾನೇ ಮಾತಾಡ್ತೀನಿ. ಖಾತೆ ನನ್ನ ಹೆಸರಲ್ಲೇ ಇರಲಿ, ನನ್ನ ಮೊಬೈಲ್ ನಂಬರೇ ಬರ್ಕೋ. ನನ್ನ ಕೋಣೆಗೂ ಒಂದು ಫೋನ್ ಇಡು. ಮುದುಕಿಗೆ ಹೊತ್ತು ಹೋಗಬೇಕಲ್ಲ."

ಆ ಮಾತಿನ ಆಳ ಆಗ ಯಾರಿಗೂ ತಿಳಿಯಲಿಲ್ಲ. ಓರಗಿತ್ತಿಯರಿಬ್ಬರೂ ಒಂದು ಎರಡರ ಲೆಕ್ಕದಲ್ಲೇ ಇದ್ದರು.

ದಾರ ಬಂತು, ಗೋಡೆಗೆ ತೂತು ಬಿತ್ತು, ಮೂರು ಫೋನುಗಳು ಮೂರು ಕೋಣೆಗಳಲ್ಲಿ ಕೂತವು. ಅತ್ತೆ ಗಂಟಲು ಸರಿಮಾಡಿಕೊಂಡು ಧ್ವನಿ ಕೊಟ್ಟರು: "ನಮಸ್ಕಾರ. ಹಿರಿ ಸೊಸೆ ಬೇಕಾದ್ರೆ ಒಂದು ಒತ್ತಿ. ಕಿರಿ ಸೊಸೆ ಬೇಕಾದ್ರೆ ಎರಡು ಒತ್ತಿ. ಏನೂ ತೋಚದಿದ್ರೆ ಸುಮ್ಮನಿರಿ, ನಾನೇ ಮಾತಾಡ್ತೀನಿ."

ಕಿರಿಯವಳು ಮಹಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ಮಧ್ಯಾಹ್ನದವರೆಗೂ ಕೂತಳು. ಫೋನ್ ಮಿಸುಕಲಿಲ್ಲ. ವೈರು ಸಡಿಲವಾಗಿದೆಯೇ ಎಂದು ನೋಡಿದಳು, ರೂಟರಿನ ಹಸಿರು ದೀಪ ನೋಡಿದಳು. ಎಲ್ಲರೂ ಒಂದನ್ನೇ ಒತ್ತುತ್ತಿದ್ದಾರೆ ಎಂದು ಹಲ್ಲು ಕಡಿಯುತ್ತ ಕೆಳಗಿಳಿದರೆ, ಹಿರಿಯವಳೂ ಫೋನಿನ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಒಳಗಿನ ಕೋಣೆಯಿಂದ ಮಾತ್ರ ಮಾತು ನಿಲ್ಲದೆ ಬರುತ್ತಿತ್ತು.

"ಪಾರ್ಶ್ವವಾಯುನಾ? ಎಡಗಡೆಯೋ ಬಲಗಡೆಯೋ? ಮಗ್ಗುಲು ಬದಲಾಯಿಸೋಕೆ ಗಟ್ಟಿ ಕೈ ಬೇಕು, ಅಂಥೋಳೊಬ್ಬಳಿದಾಳೆ. ಸೊಸೆ ಹೇಗೆ ನಿಮ್ಮವಳು? ಹೌದಾ. ಎಲ್ಲರ ಮನೆ ದೋಸೆನೂ ತೂತೇ ಬಿಡಿ."

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಫೋನ್ ಮಾಡುವವರಿಗೆ ಯಾವ ಸೊಸೆ ಎಂದು ಆರಿಸುವ ತಾಳ್ಮೆ ಎಲ್ಲಿ? ಏನೂ ಒತ್ತದೆ ಸುಮ್ಮನೆ ಹಿಡಿದುಕೊಂಡಿರುತ್ತಿದ್ದರು. ಫೋನ್ ಅತ್ತೆಗೆ ಹೋಗುತ್ತಿತ್ತು.

ಕಿರಿಯವಳು ಮಹಡಿಗೆ ಹೋಗಿ, ಲ್ಯಾಪ್‌ಟಾಪ್ ತೆರೆದು, ಆ ಧ್ವನಿಯನ್ನು ತೆಗೆಯಲು ಕಂಪನಿಯ ಖಾತೆಗೆ ನುಗ್ಗಿದಳು. ಅದು ಒಟಿಪಿ ಕೇಳಿತು. ಕೆಳಗಿನಿಂದ ಅತ್ತೆಯ ಕೂಗು ಬಂತು.

"ಇದೇನೋ ಆರಂಕಿ ಬಂದಿದೆ ನನ್ನ ಮೊಬೈಲಿಗೆ. ಬೆಳಿಗ್ಗೆನೂ ಒಂದು ಬಂದಿತ್ತು. ಯಾರ‍್ಯಾರಿಗೆ ಬೇಕು, ಬಂದು ಕೇಳಿ."

ಬೆಳಿಗ್ಗೆ ಅದೇ ಖಾತೆಗೆ ನುಗ್ಗಲು ನೋಡಿದವಳು ಹಿರಿಯವಳು. ಮೆಟ್ಟಿಲ ಬುಡದಲ್ಲಿ ಇಬ್ಬರೂ ಮುಖಾಮುಖಿಯಾದರು. ಒಬ್ಬಳ ಕಳ್ಳತನ ಇನ್ನೊಬ್ಬಳಿಗೆ ಗೊತ್ತಾಗಿತ್ತು.

ಅತ್ತೆ ಇಬ್ಬರನ್ನೂ ಒಳಗೆ ಕರೆದರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನದು ಇನ್ನೂ ಮುಗಿದಿಲ್ಲ. ಒಬ್ಬಳು ಹೇಳಲಿಲ್ಲ, ಇನ್ನೊಬ್ಬಳು ಕೇಳಲಿಲ್ಲ, ಯಾರದೋ ಮನೆ ಹುಡುಗಿ ಕೈ ಸುಟ್ಟಿತು. ಯಾರ ತಪ್ಪು ಅಂತ ನಾನು ಕೇಳಲ್ಲ, ಇಬ್ಬರ ಮಾತೂ ಕೇಳಿ ನನಗೆ ಬೇಸರ ಬಂದಿದೆ. ಇನ್ಮೇಲೆ ಹೊಸ ಮನೆಗೆ ನರ್ಸ್ ಹೋಗೋ ಮುಂಚೆ ನೀವು ಹೋಗಿ ನೋಡಿ ಬರಬೇಕು. ಇಬ್ಬರೂ. ಒಟ್ಟಿಗೆ."

"ಇವರ ಜೊತೆ ನಾನು ಹೋಗಲ್ಲ," ಎಂದಳು ಕಿರಿಯವಳು.

"ಹಾಗಾದ್ರೆ ಹೊಸ ನಂಬರು ತಗೊಂಡು ಅಂಗಡಿ ಇಡು."

ಅವಳು ತಗೊಂಡಳು. ಆ ನಂಬರಿಗೆ ಬಂದ ಕರೆಗಳೆಲ್ಲ ಸಾಲ ಬೇಕೇ ಎಂದು ಕೇಳುವವರದ್ದು. ತಿಂಗಳು ಮುಗಿಯುವ ಮೊದಲೇ ಅವಳ ನರ್ಸ್‌ಗಳು ಒಬ್ಬೊಬ್ಬರಾಗಿ ಕೆಲಸ ಕೇಳಿಕೊಂಡು ಅತ್ತೆಯ ಕೋಣೆಗೆ ಹೋಗತೊಡಗಿದರು. ಒಂದು ಬೆಳಿಗ್ಗೆ ಅವಳೂ ಹೋಗಿ ಬಾಗಿಲ ಬಳಿ ನಿಂತಳು. ಅತ್ತೆ ವಿಳಾಸದ ಚೀಟಿಯೊಂದನ್ನು ಕೊಟ್ಟರು.

ಓರಗಿತ್ತಿಯರು ಬೀದಿಯ ಎರಡು ಬದಿಯಲ್ಲಿ ನಡೆದು ಆ ಮನೆ ತಲುಪಿದರು. ಬಾಗಿಲು ತೆರೆದ ಮಗ ಇಬ್ಬರನ್ನೂ ನೋಡಿ, "ಅಕ್ಕತಂಗಿಯರಾ?" ಎಂದು ಕೇಳಿದ.

"ಅಲ್ಲ," ಎಂದರು ಇಬ್ಬರೂ.

ರೋಗಿ ಗೋಡೆಯ ಕಡೆ ತಿರುಗಿ ಮಲಗಿದ್ದ. ಹಿರಿಯವಳು ಅವನ ಕೈಗೆಟಕುವಂತಿದ್ದ ವಸ್ತುಗಳನ್ನೆಲ್ಲ ನೋಡಿದಳು. ಕಿರಿಯವಳು ನರ್ಸ್ ಮಲಗುವ ಕೋಣೆಗೆ ಹೋಗಿ ಕದ ಹಾಕಿ ತೆಗೆದಳು.

"ಒಳಗಡೆ ಚಿಲಕ ಇಲ್ಲ," ಎಂದಳು, ಯಾರಿಗೆಂದಿಲ್ಲದೆ.

"ಚಿಲಕ ಹಾಕ್ಸಿ," ಎಂದು ಹಿರಿಯವಳು ಆ ಮಗನಿಗೆ ಹೇಳಿದಳು. "ಹಾಕ್ಸಿದ ಮೇಲೆ ಕಳಿಸ್ತೀವಿ."

ವಾಪಸು ಬರುವಾಗಲೂ ಬೀದಿಯ ಎರಡು ಬದಿಯಲ್ಲೇ ನಡೆದರು. ಮನೆ ಮುಟ್ಟುವ ಮೊದಲೇ ಅತ್ತೆಯ ಧ್ವನಿ ಕಿಟಕಿಯಾಚೆ ಕೇಳಿಸುತ್ತಿತ್ತು. ಯಾರಿಗೋ ಹಾಸಿಗೆ ಹುಣ್ಣಿನ ವಿಷಯ ವಿವರಿಸುತ್ತಿದ್ದರು.